ಕಾಮೆಂಟ್‌ಗಳನ್ನು ಯಾಕೆ ಮಸುಕು ಮಾಡ್ತಾರೆ?

ಎರಡು ವರ್ಷ ಎಡಿಟರ್ ಥೀಮ್, ಅಂದರೆ ಕೋಡ್ ಬರೆಯುವ ಆ್ಯಪ್‌ನ ಬಣ್ಣಗಳ ಜೋಡಣೆ, ಬದಲಾಯಿಸುವುದೇ ನನಗೊಂದು ಹುಚ್ಚಾಗಿತ್ತು. ಕೆಲಸ ಬೇಜಾರಾಯಿತು ಅಂದರೆ ಹೊಸ ಥೀಮ್. ಮೊನೊಕೈ, ಡ್ರಾಕುಲಾ, ಗ್ರೂವ್‌ಬಾಕ್ಸ್, ಮತ್ತೆ ವಾಪಸ್ ಮೊನೊಕೈ, ಆಮೇಲೆ ಸೋಲರೈಸ್ಡ್ ಡಾರ್ಕ್. ಸ್ಕ್ರೀನ್‌ಶಾಟ್‌ನಲ್ಲಿ ಎಲ್ಲವೂ ಚೆಂದವೇ. ಈ ಹುಚ್ಚು ಬಿಡಿಸಿದ್ದು ಒಂದು ಸಾಲಿನ ಕಾಮೆಂಟ್, ಅಂದರೆ ಕೋಡ್ ಓದುವವರಿಗೆ ಅಂತ ಅದರ ನಡುವೆ ಬರೆದಿಡುವ ಟಿಪ್ಪಣಿ.

ಹಳೆಯ ಫೈಲ್ ಒಂದನ್ನು ಓರಣ ಮಾಡುತ್ತಾ ಅದರಲ್ಲಿದ್ದ ಒಂದು ಪಟ್ಟಿಯನ್ನು ಸುಮ್ನೆ ಅಕ್ಷರಗಳ ಕ್ರಮಕ್ಕೆ ಜೋಡಿಸಿದೆ. ಪಟ್ಟಿಯ ತಲೆಯ ಮೇಲೇ ಯಾರೋ ಬರೆದಿಟ್ಟಿದ್ದರು, 'ಈ ಕ್ರಮ ಬದಲಿಸಬೇಡಿ, ಕೆಳಗಿನ ಫಂಕ್ಷನ್ ಇದನ್ನೇ ನಂಬಿಕೊಂಡಿದೆ' ಅಂತ. ಕಡುನೀಲಿ ಹಿನ್ನೆಲೆಯ ಮೇಲೆ ಬೂದು ಅಕ್ಷರ. ನನ್ನ ಕಣ್ಣಿಗೆ ಬೀಳಲೇ ಇಲ್ಲ. ಪ್ರೋಗ್ರಾಂ ಕೆಟ್ಟಿತು, ಅರ್ಧ ದಿನ ಬಗ್ (ತಪ್ಪು) ಹುಡುಕಿದೆ, ಉತ್ತರ ಅಷ್ಟೂ ಹೊತ್ತು ಎದುರಿಗೇ ಕೂತಿತ್ತು.

ಬಹಳಷ್ಟು ಥೀಮ್‌ಗಳು ಕಾಮೆಂಟ್ ಅಂದರೆ ಕೋಡ್ ಅಲ್ಲ, ಪಕ್ಕಕ್ಕಿರಲಿ ಅಂತ ನೋಡುತ್ತವೆ. ನನಗೆ ಇದು ಉಲ್ಟಾ ಅನ್ನಿಸುತ್ತದೆ. 'ಇಫ್', 'ರಿಟರ್ನ್' ಇಂಥ ಕೋಡ್‌ನ ಮಾಮೂಲಿ ಪದಗಳನ್ನು ದಿನಕ್ಕೆ ಸಾವಿರ ಸಲ ನೋಡ್ತೀವಿ, ಅವಕ್ಕೆ ಗುಲಾಬಿ ಬಣ್ಣ ಬಳಿದು ಮಿನುಗಿಸುವ ಅಗತ್ಯವೇನು? ಒಬ್ಬ ಮನುಷ್ಯ ಕೂತು ಇನ್ನೊಬ್ಬ ಮನುಷ್ಯನಿಗೆ ಅಂತ ಬರೆದ ಸಾಲು ಅದೊಂದೇ, ಅದನ್ನೇ ಮಂಕು ಮಾಡ್ತೀವಿ.

ಆಮೇಲೆ ಲೆಕ್ಕ ಹಾಕಿ ನೋಡಿದೆ. ವೆಬ್ ಪುಟಗಳಿಗೆ ಡಬ್ಲ್ಯೂಸಿಎಜಿ ಅಂತ ಒಂದು ಮಾರ್ಗಸೂಚಿ ಇದೆಯಲ್ಲ, ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಕನಿಷ್ಠ 4.5:1 ಇರಬೇಕು ಅನ್ನುತ್ತದೆ ಅದು. ಸೋಲರೈಸ್ಡ್ ಡಾರ್ಕ್‌ನ ಕಾಮೆಂಟ್‌ಗೆ ಬಂದದ್ದು ಸುಮಾರು 2.8. ಇದು ಎಡವಟ್ಟೇನಲ್ಲ, ಕಣ್ಣಿಗೆ ಹೊಡೆಯದ ಹಾಗೆ ಹೊಳಪಿನ ವ್ಯತ್ಯಾಸ ಕಡಿಮೆ ಇರಲಿ ಅಂತಲೇ ಆ 16 ಬಣ್ಣಗಳನ್ನು ಆರಿಸಿದ್ದು. ಅದಕ್ಕೇ ಥೀಮ್ ಬಿಡಲಿಲ್ಲ. ಮೊದಲಿಗೆ ಕಾಮೆಂಟ್ ಬಣ್ಣ ಮಾತ್ರ ಬದಲಿಸಿದೆ.

ನಾನು ಬಳಸುವ ವಿಎಸ್ ಕೋಡ್ ಎಡಿಟರ್‌ನಲ್ಲಿ ಇದು ಬಹಳ ಸುಲಭ. ಕಮಾಂಡ್ ಪ್ಯಾಲೆಟ್ (ಕಮಾಂಡ್ ಹುಡುಕುವ ಪೆಟ್ಟಿಗೆ) ತೆರೆದು 'ಇನ್‌ಸ್ಪೆಕ್ಟ್ ಎಡಿಟರ್ ಟೋಕನ್ಸ್ ಅಂಡ್ ಸ್ಕೋಪ್ಸ್' ಅಂತ ಹುಡುಕಿ. ಕರ್ಸರ್ ಯಾವ ಪದದ ಮೇಲಿದೆಯೋ ಅದರ ಸ್ಕೋಪ್ (ಅದು ಯಾವ ಬಗೆಯದು ಅನ್ನುವ ಹೆಸರು) ಏನು, ಬಣ್ಣ ಯಾವುದು, ಆ ಬಣ್ಣ ಥೀಮ್‌ನ ಯಾವ ನಿಯಮದಿಂದ ಬಂತು, ಕಾಂಟ್ರಾಸ್ಟ್ ಎಷ್ಟು, ಎಲ್ಲ ತೋರಿಸುತ್ತದೆ. ಆ ಸ್ಕೋಪ್ ಹೆಸರನ್ನು ಸೆಟ್ಟಿಂಗ್ಸ್ ಫೈಲ್‌ನ ಟೋಕನ್ ಕಲರ್ ಕಸ್ಟಮೈಸೇಶನ್ಸ್‌ಗೆ ಹಾಕಿ ನಿಮ್ಮ ಬಣ್ಣ ಕೊಟ್ಟರೆ ಆಯಿತು. ಬಣ್ಣ ಕೊಟ್ಟರೂ ಬದಲಾಗಲಿಲ್ಲವಾ? ಸಿಮ್ಯಾಂಟಿಕ್ ಹೈಲೈಟಿಂಗ್, ಅಂದರೆ ಪದದ ಅರ್ಥ ನೋಡಿ ಬಣ್ಣ ಹಚ್ಚುವ ಇನ್ನೊಂದು ವ್ಯವಸ್ಥೆ, ಮೇಲೆ ಬಂದು ಕೂತಿರಬಹುದು, ಅದಕ್ಕೆ ಬೇರೆಯೇ ಸೆಟ್ಟಿಂಗ್ ಇದೆ. ಇದು ಗೊತ್ತಿಲ್ಲದೆ ನಾನು ಒಂದು ಸಂಜೆ ಕಳೆದುಕೊಂಡೆ.

ವಿಮ್ ಅನ್ನುವ ಇನ್ನೊಂದು ಎಡಿಟರ್ ಬಳಸುವವರಿಗೆ ಒಂದೇ ಮಾತು. ಸೆಟ್ಟಿಂಗ್ಸ್ ಫೈಲ್‌ನಲ್ಲಿ ನಿಮ್ಮ ಬಣ್ಣ ಕೊಡುವ ಹೈಲೈಟ್ ಸಾಲನ್ನು, ಥೀಮ್ ಆರಿಸುವ ಕಲರ್‌ಸ್ಕೀಮ್ ಸಾಲಿನ ಕೆಳಗೆ ಬರೆಯಿರಿ. ಮೇಲೆ ಬರೆದರೆ ಥೀಮ್ ಬಂದು ಅಳಿಸಿ ಹಾಕುತ್ತದೆ.

ಇನ್ನು ಪ್ಲಗಿನ್, ಅಂದರೆ ಎಡಿಟರ್‌ಗೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ಪ್ರೋಗ್ರಾಂ. ಆ ಬಗ್‌ನ ಸಿಟ್ಟಿನಲ್ಲಿ ಮುಖ್ಯವಾದ ಕಾಮೆಂಟ್‌ಗಳಿಗೆ ಬಣ್ಣ ಹಚ್ಚುವ ಒಂದು ಪ್ಲಗಿನ್ ಕೂಡ ಹಾಕಿಕೊಂಡಿದ್ದೆ. ಕೆಲವು ವಾರ ಕಳೆದ ಮೇಲೆ ದೊಡ್ಡ ಫೈಲ್‌ಗಳಲ್ಲಿ ಟೈಪ್ ಮಾಡಿದ ಅಕ್ಷರ ಒಂದು ಕ್ಷಣ ತಡವಾಗಿ ಕಾಣಿಸತೊಡಗಿತು. ಆಗ ನನ್ನ ಹತ್ತಿರ 32 ಪ್ಲಗಿನ್ ಇದ್ದವು, ಯಾರ ಮೇಲೆ ಅನುಮಾನ ಪಡುವುದು? ವಿಎಸ್ ಕೋಡ್‌ನಲ್ಲಿ ಪ್ಲಗಿನ್‌ಗೆ ಎಕ್ಸ್‌ಟೆನ್ಶನ್ ಅಂತಾರೆ, 'ಸ್ಟಾರ್ಟ್ ಎಕ್ಸ್‌ಟೆನ್ಶನ್ ಬೈಸೆಕ್ಟ್' ಅಂತ ಒಂದು ಕಮಾಂಡ್ ಇದೆ. ಅರ್ಧ ಪ್ಲಗಿನ್ ಆಫ್ ಮಾಡಿ 'ತೊಂದರೆ ಇನ್ನೂ ಇದೆಯಾ' ಅಂತ ಕೇಳುತ್ತದೆ, ಉತ್ತರ ನೋಡಿಕೊಂಡು ಮತ್ತೆ ಅರ್ಧ ಮಾಡುತ್ತದೆ. 32 ಅಂದರೆ ಐದಾರು ಸುತ್ತು, ಅಷ್ಟೇ. ಸಿಕ್ಕಿಬಿದ್ದದ್ದು ಅದೇ ಕಾಮೆಂಟ್ ಪ್ಲಗಿನ್! ಒಂದೊಂದು ಅಕ್ಷರ ಒತ್ತಿದಾಗಲೂ ಇಡೀ ಫೈಲನ್ನು ಮೊದಲಿನಿಂದ ಓದುತ್ತಿತ್ತು. ನನಗೆ ಬೇಕಿದ್ದ ಕೆಲಸ ಸೆಟ್ಟಿಂಗ್ಸ್‌ನ ಒಂದೇ ಸಾಲಿನಲ್ಲಿ ಆಗಲೇ ಆಗಿತ್ತು, ಅಲ್ವಾ.

ಕೈ ಹಾಕಿದ್ದೇನೆ ಅಂತ ಉಳಿದವನ್ನೂ ನೋಡಿದೆ. ಬ್ರಾಕೆಟ್‌ಗಳಿಗೆ ಬಣ್ಣ ಹಚ್ಚುವ ಪ್ಲಗಿನ್ ಒಂದಿತ್ತು, ಆ ಸೌಲಭ್ಯ 2021ರಿಂದ ಎಡಿಟರ್‌ನಲ್ಲೇ ಇದೆ. ನಾಲ್ಕೈದನ್ನು ಯಾಕೆ ಹಾಕಿಕೊಂಡಿದ್ದೆ ಅಂತಲೇ ನೆನಪಿಲ್ಲ. ಈಗ ಏಳು ಉಳಿದಿವೆ.

ಆಮೇಲೆ ಉಳಿದ ಬಣ್ಣಗಳನ್ನೂ ಮುಟ್ಟಿದೆ, ಈಗ ನನ್ನ ಎಡಿಟರ್‌ನಲ್ಲಿ ಕಾಮೆಂಟ್ ಹಳದಿ, 'ಇಫ್' ಮತ್ತು 'ರಿಟರ್ನ್' ಬೂದು. ಮೊನ್ನೆ ಸ್ಕ್ರೀನ್ ಶೇರ್ ಮಾಡಿದಾಗ ಗೆಳೆಯನೊಬ್ಬ, 'ಏನೋ ಇದು, ನಿನ್ನ ಕೋಡ್ ನೆಗೆಟಿವ್ ಫೋಟೋ ಥರ ಇದೆ' ಅಂದ. ನಗು ಮುಗಿದ ಮೇಲೆ, ತಾನೇ ಬರೆದಿದ್ದ ಒಂದು ಹಳದಿ ಸಾಲು ಓದಿ, 'ಇದನ್ನು ಇನ್ನೂ ತೆಗೆದಿಲ್ವಾ?' ಅಂತ ಕೇಳಿದ.