ಹೊಲಿಗೆಗೆ ನೀರು ತಾಗಿಸಬಹುದೇ, ಸಿಸ್ಟರ್?

ದಾವಣಗೆರೆಯಲ್ಲಿ ಶಸ್ತ್ರಚಿಕಿತ್ಸಾ ವಾರ್ಡಿನ ನರ್ಸ್ ಆಗಿರುವವಳಿಗೆ ಈ ಪ್ರಶ್ನೆಯಿಂದ ಬಿಡುಗಡೆಯಿಲ್ಲ. ಮಂಡಿಪೇಟೆಯ ಅಂಗಡಿಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ಹರಿಹರದ ಬಸ್ಸಿನಲ್ಲಿ, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಹೊಟ್ಟೆಯಲ್ಲಿ ಮೂರೋ ನಾಲ್ಕೋ ತೂತು ಮಾಡಿ, ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪ್ರೊಸ್ಕೋಪಿಯಲ್ಲಿ ಪಿತ್ತಕೋಶವನ್ನೋ ಅಪೆಂಡಿಕ್ಸನ್ನೋ ತೆಗೆಸಿಕೊಂಡು ಮನೆಗೆ ಬಂದಿರುತ್ತಾರೆ. ಸ್ನಾನ ಮಾಡಬಹುದೇ? ಹೊಲಿಗೆಗೆ ನೀರು ತಾಗಿದರೆ ಕೀವಾಗುವುದಿಲ್ಲವೇ? ಎಷ್ಟೋ ಸಲ ಕೇಳುವವರು ರೋಗಿಯಲ್ಲ, ರೋಗಿಯ ಅತ್ತೆ.

ಮಾಡಬಹುದು. ನಿಮ್ಮ ವೈದ್ಯರು ಬೇರೆ ಹೇಳಿಲ್ಲವಾದರೆ 48 ಗಂಟೆ ಕಳೆದ ಮೇಲೆ ಧಾರಾಳವಾಗಿ ಮಾಡಬಹುದು. ಹೊಲಿದ ಚರ್ಮದ ಅಂಚುಗಳ ನಡುವೆ ಮೊದಲು ರಕ್ತದಿಂದಲೇ ಒಂದು ತೆಳುವಾದ ಅಂಟು ಹರಡಿಕೊಳ್ಳುತ್ತದೆ. ಅದರ ಆಸರೆಯಲ್ಲಿ ಎರಡೂ ಕಡೆಯಿಂದ ಹೊಸ ಚರ್ಮದ ಕೋಶಗಳು ತೆವಳಿಕೊಂಡು ಬಂದು ಸುಮಾರು ಎರಡು ದಿನದಲ್ಲಿ ಬಾಯಿ ಮುಚ್ಚುತ್ತವೆ. ಅಲ್ಲಿಯವರೆಗೆ ಆಸ್ಪತ್ರೆಯಲ್ಲಿ ಹಾಕಿದ ಪಟ್ಟಿಯನ್ನು ತೆಗೆದು ಇಣುಕಿ ನೋಡಬೇಡಿ. ಒದ್ದೆಯಾದರೆ, ಕೊಳೆಯಾದರೆ ಮಾತ್ರ ಬದಲಾಯಿಸಿದರೆ ಸಾಕು. ಆಮೇಲೆ ಹೆಗಲಿನಿಂದ ಚೊಂಬಿನಲ್ಲಿ ನೀರು ಹುಯ್ದುಕೊಳ್ಳಿ. ಸೋಪಿನ ನೊರೆ ಗಾಯದ ಮೇಲೆ ಹರಿದು ಹೋದರೆ ಏನೂ ಆಗುವುದಿಲ್ಲ. ಅಲ್ಲಿ ಸೋಪು ತಿಕ್ಕಬೇಡಿ ಅಷ್ಟೆ. ನೀರಿನಲ್ಲಿ ಮುಳುಗುವ ಸ್ನಾನ ಬೇರೆ ವಿಷಯ. ಭದ್ರಾ ನಾಲೆಗೆ ಧುಮುಕುವ ಹುಡುಗರು, ತೋಟದ ಬಾವಿಯಲ್ಲಿ ಈಜುವವರು ಗಾಯ ಪೂರ್ತಿ ಒಣಗಿ, ವೈದ್ಯರು ನೋಡಿ ಸರಿ ಎನ್ನುವ ತನಕ ದಡದಲ್ಲಿ ಕೂರಬೇಕು.

ನನಗೆ ನೀರಿಗಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಹೊಕ್ಕುಳು. ಕ್ಯಾಮೆರಾ ಸಾಮಾನ್ಯವಾಗಿ ಒಳಗೆ ಹೋಗುವುದು ಅಲ್ಲಿಂದಲೇ. ಅಲ್ಲಿನ ತೂತು ಸುಮಾರು 10 ಮಿಲಿಮೀಟರ್, ಪಕ್ಕದವು ಹೆಚ್ಚಾಗಿ 5. ಎಷ್ಟೋ ಸಲ ಪಿತ್ತಕೋಶವನ್ನೂ ಅಲ್ಲಿಂದಲೇ ಹೊರಗೆಳೆಯುತ್ತಾರೆ. ಮೇಲಾಗಿ ಅದು ಮಡಿಕೆಯ ಜಾಗ. ಸ್ನಾನವಾದ ಮೇಲೆ ಉಳಿದೆಲ್ಲ ಒಣಗಿದರೂ ಹೊಕ್ಕುಳಿನ ತಳದಲ್ಲಿ ಒಂದೆರಡು ಹನಿ ನಿಂತಿರುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದಕ್ಕೆ ಬೆವರೂ ಸೇರುತ್ತದೆ. ಒಗೆದು ಬಿಸಿಲಿಗೆ ಒಣಗಿಸಿದ ಮೆತ್ತನೆಯ ಹತ್ತಿಬಟ್ಟೆಯ ತುದಿಯನ್ನು ಅಲ್ಲಿ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಬಟ್ಟೆ ಒಣಗಿಯೇ ಹೊರಬರುವವರೆಗೆ ಮತ್ತೆ ಒತ್ತಿ. ಆಮೇಲೆ ಐದು ನಿಮಿಷ ಮಲಗಿ ಗಾಳಿಯಾಡಲು ಬಿಡಿ. ಬಟ್ಟೆಯಲ್ಲಿ ತಿಳಿಯಾದ, ತುಸು ಕೆಂಪು ಮಿಶ್ರಿತ ಕಲೆ ಮೊದಲ ಕೆಲವು ದಿನ ಕಂಡರೆ ಹೆದರಬೇಡಿ. ಹಳದಿಯಾಗಿ, ಮಂದವಾಗಿ, ವಾಸನೆ ಬರುವಂತಿದ್ದರೆ ಆ ಬಟ್ಟೆಯನ್ನೇ ಹಿಡಿದುಕೊಂಡು ಆಸ್ಪತ್ರೆಗೆ ಬನ್ನಿ. ಹೊಕ್ಕುಳಿನ ಸುತ್ತ ನೀಲಿಗಟ್ಟಿ, ವಾರದಲ್ಲಿ ಅದು ಹಸಿರು-ಹಳದಿಗೆ ತಿರುಗುವುದು ಒಳಗೆ ಹೆಪ್ಪುಗಟ್ಟಿದ ರಕ್ತ ಕರಗುವ ಲಕ್ಷಣ. ಗಾಯದ ಕೆಳಗೆ ಕೈಗೆ ಸಿಗುವ ಸಣ್ಣ ಗಟ್ಟಿ ಗೆರೆಯೂ ಕೆಲವು ವಾರ ಇರುವಂಥದ್ದೇ.

ನೀರಿಗೆ ಹೆದರುವ ಮನೆಗಳು ಅರಿಶಿನಕ್ಕೆ ಹೆದರುವುದಿಲ್ಲ, ಇದು ನನಗೆ ಇಂದಿಗೂ ಸೋಜಿಗ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕುಳಿತ, ಒಗ್ಗರಣೆಯ ಚಮಚ ಹೋಗಿಬರುವ ಪುಡಿಯನ್ನು ಹೊಲಿಗೆಯ ಮೇಲೆ ಉದುರಿಸುತ್ತಾರೆ. ಕೆಲವರು ಕಾಫಿಪುಡಿ, ಕೆಲವರು ಮಠದಿಂದ ತಂದ ವಿಭೂತಿ, ಇನ್ನು ಕೆಲವರು ಕೊಬ್ಬರಿ ಎಣ್ಣೆ. ವಿಭೂತಿಯನ್ನು ಹಣೆಗೆ ಹಚ್ಚಿಕೊಳ್ಳಿ, ಅರಿಶಿನವನ್ನು ಹಾಲಿಗೆ ಹಾಕಿಕೊಂಡು ಕುಡಿಯಿರಿ, ನನ್ನ ತಕರಾರಿಲ್ಲ. ಗಾಯಕ್ಕೆ ವೈದ್ಯರು ಬರೆದುಕೊಟ್ಟದ್ದನ್ನು ಬಿಟ್ಟರೆ ಏನೂ ಬೇಡ. ಈಗ ಎಷ್ಟೋ ಕಡೆ ಹೊಲಿಗೆಯ ಬದಲು ಚರ್ಮದ ಅಂಟು ಹಾಕುತ್ತಾರೆ. ಅದರ ಮೇಲೆ ಎಣ್ಣೆ, ಮುಲಾಮು ಸವರಿದರೆ ಅಂಟು ಬೇಗ ಬಿಟ್ಟುಕೊಳ್ಳುತ್ತದೆ. ಅದು ತಾನಾಗಿಯೇ ಸಿಪ್ಪೆಯಂತೆ ಏಳುತ್ತದೆ, ಕೀಳಬೇಡಿ. ಇನ್ನೊಂದು ಮಾತು, ನೋಡಲು ಬಂದ ನೆಂಟರಿಗೆಲ್ಲ ಅಂಗಿ ಎತ್ತಿ ಗಾಯ ತೋರಿಸಬೇಕಾಗಿಲ್ಲ. ಹಣ್ಣು ತಂದವರು ಹಣ್ಣು ಕೊಟ್ಟು ಹೋಗಲಿ. ಮುಟ್ಟಿ ನೋಡುವ ಹಕ್ಕು ಕೈ ತೊಳೆದುಕೊಂಡವರಿಗೂ ಇಲ್ಲ.

ಗಾಯಕ್ಕೆ ತಗಲುವ ದಾರಗಳ ಬಗ್ಗೆ ಯಾವ ಡಿಸ್ಚಾರ್ಜ್ ಕಾಗದದಲ್ಲೂ ಬರೆದದ್ದನ್ನು ನಾನು ನೋಡಿಲ್ಲ. ಹೆಂಗಸರಿಗೆ ಲಂಗದ ಲಾಡಿ, ಗಂಡಸರಿಗೆ ಉಡಿದಾರ, ಇವೆರಡೂ ಕೆಳಹೊಟ್ಟೆಯ ತೂತನ್ನು ದಿನವಿಡೀ ಉಜ್ಜುತ್ತವೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಎದೆಗೂಡು ಮುಗಿಯುವಲ್ಲೇ ಒಂದು ತೂತು ಇರುತ್ತದೆ; ಶಿವದಾರ ಉದ್ದವಿದ್ದರೆ ಇಷ್ಟಲಿಂಗದ ಕರಡಿಗೆ ಬಂದು ಅಲ್ಲೇ ಕೂರುತ್ತದೆ. ತೆಗೆದಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ದಾರವನ್ನು ನಾಲ್ಕು ಬೆರಳು ಗಿಡ್ಡ ಮಾಡಿಕೊಳ್ಳಿ ಎನ್ನುತ್ತೇನೆ. ಲಂಗದ ಬದಲು ಒಂದೆರಡು ವಾರ ಸಡಿಲವಾದ ನೈಟಿ, ಪ್ಯಾಂಟಿನ ಬದಲು ಸಡಿಲವಾಗಿ ಉಟ್ಟ ಪಂಚೆ ಅಥವಾ ಲುಂಗಿ.

ಈ ನೀರಿನ ಭಯ ಎಲ್ಲಿಂದ ಬಂತು ಎಂದು ಯೋಚಿಸಿದರೆ ನನಗೆ ಕಾಣುವುದು ಹಿರಿಯರ ಹೊಟ್ಟೆಯ ಮೇಲಿನ ಉದ್ದನೆಯ ಕಲೆಗಳು. ತೂತಿನ ಮೂಲಕ ಪಿತ್ತಕೋಶ ತೆಗೆಯುವುದನ್ನು ಎರಿಕ್ ಮ್ಯೂಹೆ ಜರ್ಮನಿಯಲ್ಲಿ ಮೊದಲು ಮಾಡಿದ್ದು 1985ರಲ್ಲಿ. ನಮ್ಮ ದೇಶದಲ್ಲಿ ಡಾ. ತೆಹೆಮ್‌ಟನ್ ಉಡ್ವಾಡಿಯಾ ಮುಂಬೈಯಲ್ಲಿ ಮಾಡಿದ್ದು 1990ರಲ್ಲಿ. ಅದಕ್ಕೂ ಮೊದಲು ಬಲಪಕ್ಕೆಯ ಕೆಳಗೆ ಗೇಣುದ್ದ ಕೊಯ್ದು, ದಿನಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿಸುತ್ತಿದ್ದರು. ಆ ಗಾಯವನ್ನು ನೋಡಿಕೊಂಡ ಅಜ್ಜಿಯರ ಸಲಹೆ ಇಂದಿನ ತೂತುಗಳಿಗೂ ಅನ್ವಯವಾಗುತ್ತಿದೆ. ಅವರ ಮೊಮ್ಮಕ್ಕಳದ್ದು ಇದರ ತದ್ವಿರುದ್ಧ: ತೂತು ಚಿಕ್ಕದು, ಆದ್ದರಿಂದ ಆಪರೇಷನ್ನೂ ಚಿಕ್ಕದು. ಇವೆರಡರಲ್ಲಿ ನನಗೆ ಹೆಚ್ಚು ಕಷ್ಟ ಕೊಡುವುದು ಎರಡನೆಯದು. ಒಳಗೆ ಕತ್ತರಿಸಿದ್ದು, ಕ್ಲಿಪ್ ಹಾಕಿದ್ದು ಅಂದಿನಷ್ಟೇ. ಹೊರಗಿನ ಚರ್ಮ ಒಂದೆರಡು ವಾರದಲ್ಲಿ ಕೂಡಿಕೊಂಡರೂ ಅದರಡಿಯ ಗಟ್ಟಿ ಪದರ ಬಲವಾಗಲು ತಿಂಗಳುಗಳೇ ಬೇಕು. ಆ ಪದರ ಸಡಿಲವಾದರೆ ಮುಂದೊಂದು ದಿನ ಅದೇ ತೂತಿನಲ್ಲಿ ಹರ್ನಿಯಾ ಏಳಬಹುದು, ಅಂದರೆ ಒಳಗಿನದು ಹೊರಗೆ ಉಬ್ಬಿ ಬರಬಹುದು.

ಹಾಗಾಗಿ ಮೊದಲ ಎರಡು ವಾರವಾದರೂ 5 ಕಿಲೋಗಿಂತ ಹೆಚ್ಚು ಎತ್ತಬೇಡಿ. ಮನೆಯ ಅಡುಗೆ ಅನಿಲದ ಸಿಲಿಂಡರಿನಲ್ಲಿ ಅನಿಲವೊಂದೇ 14.2 ಕಿಲೋ, ಕುಡಿಯುವ ನೀರಿನ ಕ್ಯಾನು 20 ಕಿಲೋ. ನಲ್ಲಿ ನೀರು ಬಂದ ದಿನ ಕೊಡ ತುಂಬಿಸುವುದು, ಮೆಕ್ಕೆಜೋಳದ ಚೀಲ ಸರಿಸುವುದು, ಅಳುವ ಮಗುವನ್ನು ಸೊಂಟಕ್ಕೆ ಏರಿಸಿಕೊಳ್ಳುವುದು, ಎಲ್ಲಕ್ಕೂ ಮನೆಯಲ್ಲಿ ಇನ್ನೊಂದು ಕೈ ಬೇಕು. ಇದನ್ನು ಗಂಡಂದಿರಿಗೆ ಎದುರಿಗೇ ಹೇಳಿ ಕಳುಹಿಸುತ್ತೇನೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅಂದೇ ಮನೆಗೆ ಹೋಗುವ ಹೆಣ್ಣುಮಕ್ಕಳ ವಿಷಯದಲ್ಲಂತೂ ದನಿ ಸ್ವಲ್ಪ ಏರಿಸಿಯೇ ಹೇಳುತ್ತೇನೆ. ಹರ್ನಿಯಾಕ್ಕೆ ಜಾಲರಿ ಹಾಕಿಸಿಕೊಂಡವರಿಗೆ ಅವಧಿ ಇನ್ನೂ ಉದ್ದ; ಅದನ್ನು ನಿಮ್ಮ ಶಸ್ತ್ರವೈದ್ಯರೇ ಹೇಳಬೇಕು. ಹಾಗೆಂದು ಮಂಚ ಹಿಡಿದು ಮಲಗಲೂಬಾರದು. ಮೊದಲ ದಿನದಿಂದಲೇ ಮನೆಯೊಳಗೆ ಓಡಾಡಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು, ಕರುಳು ಕೆಲಸ ಶುರುಮಾಡಲು ನಡಿಗೆಯೇ ಮದ್ದು. ಹಾಸಿಗೆಯಿಂದ ಏಳುವಾಗ ನೇರವಾಗಿ ಏಳದೆ ಪಕ್ಕಕ್ಕೆ ಹೊರಳಿ ಮೊಣಕೈ ಊರಿ ಏಳಿ. ಕೆಮ್ಮು ಬಂದಾಗ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಿರಿ. ಜಗಳೂರಿಗೋ ಹೊಳಲ್ಕೆರೆಗೋ ಬಸ್ಸಿನಲ್ಲಿ ಹೋಗುವವರು ರಸ್ತೆಯ ಉಬ್ಬುಗಳಿಗೂ ಅದೇ ದಿಂಬನ್ನು ಇಟ್ಟುಕೊಳ್ಳಿ. ಬೈಕ್ ಓಡಿಸುವುದು ನೋವಿಲ್ಲದೆ ಗಟ್ಟಿಯಾಗಿ ಬ್ರೇಕ್ ಒತ್ತಲು ಬಂದ ಮೇಲೆ.

ಎರಡನೇ ದಿನ ಹೆಚ್ಚಿನವರು ಬಲ ಹೆಗಲು ಹಿಡಿದುಕೊಂಡು ಬರುತ್ತಾರೆ. ಹೊಟ್ಟೆಯ ಆಪರೇಷನ್ನಿಗೆ ಹೆಗಲೇಕೆ ನೋಯಬೇಕು ಎಂಬ ಅನುಮಾನ ನ್ಯಾಯವಾದದ್ದೇ. ಒಳಗೆ ಜಾಗ ಕಾಣಲೆಂದು ಇಂಗಾಲದ ಡೈಆಕ್ಸೈಡ್ ತುಂಬಿಸಿ ಹೊಟ್ಟೆಯನ್ನು ಉಬ್ಬಿಸಿರುತ್ತಾರೆ. ಉಳಿದ ಅನಿಲ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯನ್ನು, ಕೆಣಕುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯಿಂದ, ಹೆಗಲಿನ ನರಗಳೂ ಅಲ್ಲಿಂದಲೇ, ಹಾಗಾಗಿ ಮಿದುಳು ನೋವನ್ನು ಹೆಗಲಿನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಎರಡು ಮೂರು ದಿನದಲ್ಲಿ ಅನಿಲ ಹೀರಿಹೋಗಿ ನೋವು ಇಳಿಯುತ್ತದೆ. ಬರೆದುಕೊಟ್ಟ ನೋವಿನ ಮಾತ್ರೆಯನ್ನು ಆ ದಿನಗಳಲ್ಲಿ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ, ನೋವು ತಾಳಿಕೊಳ್ಳುವುದರಲ್ಲಿ ಪುಣ್ಯವೇನೂ ಇಲ್ಲ. ಆದರೆ ಎದೆಯ ಮಧ್ಯೆ ಒತ್ತಿದಂತೆ ನೋವು, ಉಬ್ಬಸ, ಬೆವರು ಇದ್ದರೆ ಅದನ್ನು ಅನಿಲ ಎಂದುಕೊಂಡು ಕೂರಬೇಡಿ.

ಊಟದ ವಿಷಯದಲ್ಲಿ ನಮ್ಮ ಜಿಲ್ಲೆಯ ಪ್ರಶ್ನೆ ಒಂದೇ: ಪಿತ್ತಕೋಶ ಹೋಯಿತು, ಇನ್ನು ಬೆಣ್ಣೆ ದೋಸೆ ಮುಗಿಯಿತೇ? ಇಲ್ಲ. ಪಿತ್ತರಸವನ್ನು ತಯಾರಿಸುವುದು ಯಕೃತ್ತು, ಆ ಚೀಲ ಅದನ್ನು ಕೂಡಿಡುತ್ತಿತ್ತು ಅಷ್ಟೆ. ಈಗ ಅದು ನೇರವಾಗಿ ಕರುಳಿಗೆ ಇಳಿಯುತ್ತಿರುತ್ತದೆ. ಕೆಲವು ವಾರ ಜಿಡ್ಡು ಕಡಿಮೆ ಮಾಡಿ, ಮಿರ್ಚಿ-ಮಂಡಕ್ಕಿಯನ್ನೂ ದೂರವಿಡಿ, ಆಮೇಲೆ ಅರ್ಧ ದೋಸೆಯಿಂದ ಶುರುಮಾಡಿ ಹೊಟ್ಟೆ ಏನು ಹೇಳುತ್ತದೆ ನೋಡಿ. ಕೆಲವರಿಗೆ ಜಿಡ್ಡು ತಿಂದಾಗ ಭೇದಿಯಾಗುತ್ತದೆ, ಹೆಚ್ಚಿನವರಿಗೆ ಬರಬರುತ್ತಾ ಹೊಂದಿಕೊಳ್ಳುತ್ತದೆ. ನನ್ನ ಜಗಳ ಇರುವುದು ನಂಜಿನ ಪಥ್ಯದ ಜೊತೆ. ಮೊಟ್ಟೆ ನಂಜು, ಬದನೆಕಾಯಿ ನಂಜು, ಬೇಳೆ ವಾಯು ಎಂದು ಹದಿನೈದು ದಿನ ಬರೀ ಗಂಜಿಯಲ್ಲಿ ಇರಿಸುತ್ತಾರೆ. ಗಾಯ ಕೂಡಲು ಪ್ರೋಟೀನ್ ಬೇಕು: ಬೇಳೆ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ಮಲಬದ್ಧತೆಯಾಗಿ ತಿಣುಕಿದರೆ ಹೊಲಿಗೆ ಎಳೆಯುತ್ತದೆ, ಆದ್ದರಿಂದ ನೀರು, ಸೊಪ್ಪು, ಬಾಳೆಹಣ್ಣು. ಸಕ್ಕರೆ ಕಾಯಿಲೆಯವರು ಮಾತ್ರೆ ತಪ್ಪಿಸಬೇಡಿ. ಬೀಡಿ, ಸಿಗರೇಟು ಗಾಯಕ್ಕೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ.

ಯಾವಾಗ ಓಡಿ ಬರಬೇಕು? ನಾನು ನೋಡುವುದು ನೋವಿನ ದಿಕ್ಕನ್ನು. ಲ್ಯಾಪ್ರೊಸ್ಕೋಪಿಯ ನಂತರ ಪ್ರತಿದಿನವೂ ನಿನ್ನೆಗಿಂತ ವಾಸಿ ಎನ್ನಿಸಬೇಕು. ಕಡಿಮೆಯಾಗುತ್ತಿದ್ದ ನೋವು ತಿರುಗಿ ಏರಿದರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ, ವಾಂತಿ ನಿಲ್ಲದಿದ್ದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಕಣ್ಣು ಹಳದಿಯಾದರೆ, ಒಂದು ಕಾಲಿನ ಮೀನಖಂಡ ಊದಿ ನೋಯತೊಡಗಿದರೆ, ಉಸಿರು ಕಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಒಳಗೆ ಪಿತ್ತರಸ ಸೋರಿದರೆ, ಕರುಳಿಗೆ ಪೆಟ್ಟಾಗಿದ್ದರೆ ಹೊರಗಿನ ತೂತುಗಳು ಅಂದವಾಗಿಯೇ ಇರುತ್ತವೆ. ತೂತಿನ ಸುತ್ತ ಕೆಂಪು ಹರಡುತ್ತಾ, ಬಿಸಿಯಾಗಿ, ಕೀವಾಗುವುದು ಸಾಮಾನ್ಯವಾಗಿ ನಾಲ್ಕನೇ ದಿನದಿಂದ ಮುಂದೆ. ಇನ್ನೊಂದು ತಡವಾಗಿ ಬರುವ ಕಾಟವಿದೆ. ಗಾಯ ಒಣಗಿ, ಎಲ್ಲರೂ ಮರೆತು, ಮೂರು-ನಾಲ್ಕು ವಾರವಾದ ಮೇಲೆ ತೂತಿನ ಜಾಗದಲ್ಲಿ ಗಂಟು ಎದ್ದು ಒಡೆದು ನೀರು ಜಿನುಗುತ್ತದೆ. ಇದು ಕ್ಷಯದ ಕ್ರಿಮಿಯ ದೂರದ ಸಂಬಂಧಿಗಳ ಕೆಲಸವಿರಬಹುದು. ಉಪಕರಣಗಳನ್ನು, ಅವನ್ನು ತೊಳೆದ ನೀರನ್ನು ಸರಿಯಾಗಿ ಕ್ರಿಮಿಮುಕ್ತಗೊಳಿಸದಿದ್ದಾಗ ಇವು ಸೇರಿಕೊಳ್ಳುತ್ತವೆ. ನಿಮ್ಮ ಸ್ನಾನದ ನೀರನ್ನು ದೂರುವ ಹಾಗಿಲ್ಲ. ಮಾಮೂಲಿ ಆ್ಯಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ. ಔಷಧದ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುತ್ತಾ ತಿಂಗಳು ಕಳೆಯದೆ, ಆಪರೇಷನ್ ಮಾಡಿದವರಲ್ಲಿಗೇ ಹೋಗಿ, ಜಿನುಗುವುದನ್ನು ಪರೀಕ್ಷೆಗೆ ಕಳುಹಿಸಿ ಎಂದು ಕೇಳಿ.

ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ ಏಳರಿಂದ ಹತ್ತು ದಿನಕ್ಕೆ. ಕರಗುವ ದಾರವಾದರೆ ಬಿಚ್ಚುವುದೇ ಇಲ್ಲ. ಅಂದು ಬರುವಾಗ ಫೈಲು ತನ್ನಿ. ತೆಗೆದ ಪಿತ್ತಕೋಶವನ್ನೋ ಅಪೆಂಡಿಕ್ಸನ್ನೋ ಪರೀಕ್ಷೆಗೆ ಕಳುಹಿಸಿರುತ್ತಾರೆ. ಅದರ ವರದಿ ಬಂದಿದೆಯೇ, ಏನಿದೆ ಎಂದು ಬಾಯಿಬಿಟ್ಟು ಕೇಳಿ, ಒಂದು ಪ್ರತಿ ಮನೆಗೆ ಒಯ್ಯಿರಿ. ಹೊಲಿಗೆ ಬಿಚ್ಚಿಸಿಕೊಂಡ ಖುಷಿಯಲ್ಲಿ ಈ ಕಾಗದವನ್ನು ಕೇಳದೆ ಬಸ್ ಹತ್ತುವವರೇ ಹೆಚ್ಚು.