ಕ್ರಿಯಾಪದ ನೋಡಿ ಹೆಡ್ಡಿಂಗ್ ಕೊಡಿ

ಗಡಿ ಬಿಸಿಯಾದ ದಿನ ಮಡಿಕೇರಿಯ ಸುದ್ದಿ ಡೆಸ್ಕಿಗೆ ಓದುಗರೇ ಕಳಿಸುವ ವಿಡಿಯೊಗಳು ಸಾಲುಗಟ್ಟುತ್ತವೆ. ವಾಟ್ಸಾಪ್ ಫೈಲ್ ಹೆಸರಿನಲ್ಲಿ 20250508 ಎಂದಿದ್ದರೆ ಅದು ಆ ಫೋನಿಗೆ ಬಂದ ದಿನ, ಶೂಟ್ ಆದ ದಿನವಲ್ಲ. ವಿಡಿಯೊದಿಂದ ನಾಲ್ಕೈದು ಫ್ರೇಮ್ ತೆಗೆದು ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್, ಯಾಂಡೆಕ್ಸ್ ಎರಡರಲ್ಲೂ ಹುಡುಕಿ. ಸ್ಫೋಟಕ್ಕೆ ಮುಂಚಿನ ಒಂದು ಫ್ರೇಮ್ ಇರಲೇಬೇಕು. ಬೆಂಕಿಯುಂಡೆ ಎಲ್ಲ ಕಡೆ ಒಂದೇ ಥರ. ಕಟ್ಟಡ, ಬೋರ್ಡು, ಕರೆಂಟ್ ಕಂಬ ಗುರುತು ಹೇಳುತ್ತವೆ. ಸಿಗದಿದ್ದರೆ ಫ್ರೇಮನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಇನ್ನೊಮ್ಮೆ ಹುಡುಕಿ, ಹಳೇ ವಿಡಿಯೊ ಹರಿಬಿಡುವವರು ಈ ಆಟ ಆಡುತ್ತಾರೆ.

2025ರ ಮೇನಲ್ಲಿ ಭಾರತ-ಪಾಕ್ ಸಂಘರ್ಷದ ಹೊತ್ತಿಗೆ ವಿಡಿಯೊ ಗೇಮ್ ದೃಶ್ಯಗಳೇ ದಾಳಿಯೆಂದು ಓಡಾಡಿದವು. ಯುದ್ಧದ ಗೇಮ್ ಆರ್ಮಾ 3ರ ಕಂಪನಿ 2022ರಲ್ಲೇ ಇಂಥ ನಕಲಿಗಳ ಲಕ್ಷಣ ಹೇಳಿತ್ತು: ಮಸುಕು ಚಿತ್ರ, ಅಲುಗಾಟ, ಕತ್ತಲು, ಸದ್ದಿಲ್ಲ, ಓಡಾಡುವ ಜನರಿಲ್ಲ. (ನಮ್ಮ ಮಳೆಗಾಲದ ರಾತ್ರಿಯ ಅಸಲಿ ವಿಡಿಯೊಗಳೂ ಹೆಚ್ಚುಕಡಿಮೆ ಹೀಗೇ ಇರುತ್ತವೆ. ಇಷ್ಟನ್ನೇ ನಂಬಿ ತೀರ್ಪು ಕೊಡಬೇಡಿ.)

ವಿಡಿಯೊಗಿಂತ ಹೆಚ್ಚು ಕೆಡುವುದು ಹೆಡ್ಡಿಂಗ್. ವರದಿಯಲ್ಲಿ 'ವಿಮಾನ ಉರುಳಿಸಿದ್ದೇವೆ ಎಂದು ಸೇನೆ ತಿಳಿಸಿದೆ' ಎಂದಿರುತ್ತದೆ. ಮೂರು ಕಾಲಂಗೆ ಹಿಡಿಸಲು ಹೋಗಿ 'ವಿಮಾನ ಉರುಳಿಸಿದ ಸೇನೆ' ಆಗುತ್ತದೆ. ಹೇಳಿದವರು ಮಾಯ, ಹೇಳಿಕೆ ಘಟನೆಯಾಗಿ ನಿಂತಿತು. ಎರಡೂ ಕಡೆಯ ಪ್ರಚಾರಕ್ಕೆ ಇಷ್ಟು ಸಾಕು. ಜಾಗ ಸಾಲದಿದ್ದರೆ ವಿಶೇಷಣ ಕತ್ತರಿಸಿ, 'ಎಂದು' ಕತ್ತರಿಸಬೇಡಿ. ಶತ್ರು ಒಪ್ಪಿಲ್ಲ, ನಮ್ಮವರು ಹೇಳಿಲ್ಲ ಎಂದ ಮಾತ್ರಕ್ಕೆ ಘಟನೆ ನಡೆದೇ ಇಲ್ಲ ಎಂದೂ ಬರೆಯಬೇಡಿ. ಕೊಡಗಿನವರೇ ಆದ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಿಂದ ಮರಳಲಿಲ್ಲ. ಅವರ ಮಿಸ್ಟೇರ್ ಯುದ್ಧವಿಮಾನ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದನ್ನು ಕೆಡವಿತ್ತೆಂಬುದು ಬ್ರಿಟಿಷ್ ಲೇಖಕರೊಬ್ಬರ 1979ರ ಪುಸ್ತಕದಿಂದ ಇಲ್ಲಿಗೆ ತಿಳಿಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಕೊಡಗಿನಲ್ಲಿ ಎಲ್ಲಕ್ಕಿಂತ ಸೂಕ್ಷ್ಮ, ಹುತಾತ್ಮರ ಹೆಸರು. ಯಾವ ಊರಿಗೆ ಹೋದರೂ ಫೌಜಿಗಳ ಮನೆಗಳಿವೆ, ಮನೆತನದ ಹೆಸರೊಂದು ಸಾಕು ಗುರುತು ಹಿಡಿಯಲು. ಸೇನೆ ದೃಢಪಡಿಸಿ, ಮನೆಯವರಿಗೆ ತಿಳಿಸಿದ ಮೇಲಷ್ಟೇ ಹೆಸರು; ಅಲ್ಲಿಯವರೆಗೆ 'ಕೊಡಗಿನ ಯೋಧ' ಎಂದು ಪರದೆಯ ಕೆಳಗೆ ಓಡುವ ಟಿಕರ್ ಕೂಡ ಬೇಡ, ನೂರಾರು ಮನೆಗಳಲ್ಲಿ ಒಟ್ಟಿಗೆ ಫೋನ್ ಎತ್ತಿಸುತ್ತದೆ. ರಜೆ ರದ್ದಾಗಿ ಹೊರಟವರ ಫೋಟೊ ಹಾಕುವಾಗ ರೆಜಿಮೆಂಟ್, ಹೋಗುತ್ತಿರುವ ಜಾಗ, ರೈಲು ಯಾವುದೂ ಕ್ಯಾಪ್ಶನ್‌ನಲ್ಲಿ ಬೇಡ. ಸಮವಸ್ತ್ರದಲ್ಲಿದ್ದರೆ ಭುಜದ ಪಟ್ಟಿಯನ್ನೂ ಕ್ರಾಪ್ ಮಾಡಿ.