ಆಗಸ್ಟ್ 3, ಭಾನುವಾರ: ಆಟಿ ಹದಿನೆಂಟು, ಕರೆಂಟಿಲ್ಲ, ಪುಟ್ಟನ ಪ್ರಶ್ನೆ

ಕರೆಂಟ್ ಹೋಗಿ ಇವತ್ತಿಗೆ ಎರಡು ದಿನ. ಮೇಲಿನ ತಿರುವಿನಲ್ಲಿ ಸಿಲ್ವರ್ ಮರ ಲೈನ್ ಮೇಲೆ ಒರಗಿದೆಯಂತೆ. ಟವರ್ ಕೂಡ ಇಲ್ಲ. ಹಾಗಾಗಿ ಇದನ್ನು ಬರೆದಿಟ್ಟು ಸಿಗ್ನಲ್ ಸಿಕ್ಕಾಗ ಹಾಕುತ್ತೇನೆ. ಬೆಳಿಗ್ಗೆ ಚೇರಂಬಾಣೆಗೆ ಹೋಗಿ ಜನರೇಟರ್ ಇರುವ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಮಾಡಿಸಿಕೊಂಡು ಬಂದೆ. ಕೆಲಸ ಇದೆ ಅಂತ ಮನೆಯಲ್ಲಿ ಹೇಳಿದ್ದೆ. ನಿಜ ಹೇಳಬೇಕು ಅಂದ್ರೆ ಅಕ್ಕನ ಮಗ ಪುಟ್ಟನ ಜೊತೆ ಲ್ಯಾಪ್‌ಟಾಪಿನಲ್ಲಿ ಆಟ ಆಡಬೇಕಿತ್ತು.

ಅಕ್ಕ ಮತ್ತು ಪುಟ್ಟ ನಿನ್ನೆ ಸಂಜೆ ಕುಶಾಲನಗರದಿಂದ ಬಂದರು. ಆಟಿ ಹದಿನೆಂಟಕ್ಕೆ, ಅಂದರೆ ಆಟಿ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪಿನ ಪಾಯಸ ತಿನ್ನದೆ ಇರುವುದು ಅಕ್ಕನಿಗೆ ಆಗುವುದಿಲ್ಲ. ಭಾವ ಬರಲಿಲ್ಲ. ಅವ್ವ ಬೆಳಿಗ್ಗೆಯೇ ಸೊಪ್ಪು ಬೇಯಿಸಿದ್ದರಿಂದ ಮನೆಯೆಲ್ಲ ಆ ವಾಸನೆ. ಆ ನೇರಳೆ ಬಣ್ಣ ನೋಡಿದಾಗ ಪ್ರತಿ ವರ್ಷವೂ ನನಗೆ ಒಂದೇ ಥರ ಖುಷಿ ಆಗುತ್ತದೆ. ಪುಟ್ಟ ಎರಡು ಬಟ್ಟಲು ತಿಂದ, ಜೇನುತುಪ್ಪ ಜಾಸ್ತಿ ಹಾಕಿಸಿಕೊಂಡು.

ಅದಾದ ಮೇಲೆ ಇಬ್ಬರೂ ಅಡಿಗೆಮನೆಯಲ್ಲಿ ಒಲೆ ಹತ್ತಿರ ಕುಳಿತು ಶಾವೆಲ್ ನೈಟ್ ಅನ್ನುವ ವಿಡಿಯೋ ಗೇಮ್ ತೆರೆದೆವು. ಮೇಲೆ ಹಗ್ಗದಲ್ಲಿ ಒದ್ದೆ ಬಟ್ಟೆ. ಹೊರಗೆ ಮಳೆ ಹಂಚಿನ ಮೇಲೆ ಬೀಳುವ ಸದ್ದಿಗೆ ಆಟದ ಸಂಗೀತ ಅರ್ಧ ಕೇಳಿಸುತ್ತಿರಲಿಲ್ಲ. ಆ ಸಂಗೀತ ಕೇಳಿಸದೆ ಹೋದರೆ ನನಗೆ ನಿಜವಾಗಿ ಬೇಜಾರು, ಆದ್ದರಿಂದ ಒಂದು ಇಯರ್‌ಫೋನಿನ ಒಂದೊಂದು ತುದಿ ಇಬ್ಬರ ಕಿವಿಗೆ.

ಈ ಆಟದ ಬಗ್ಗೆ ಹಿಂದೆ ಒಂದೆರಡು ಸಾಲು ಬರೆದಿದ್ದೆ ಅನ್ನಿಸುತ್ತದೆ. ಸಲಿಕೆ ಹಿಡಿದ ಒಬ್ಬ ನೈಟ್, ಅಂದರೆ ಕವಚ ತೊಟ್ಟ ವೀರ. ಕತ್ತಿ ಇಲ್ಲ, ಸಲಿಕೆಯೇ ಆಯುಧ. ಅವನ ಜೊತೆಗಾತಿ ಶೀಲ್ಡ್ ನೈಟ್ ಒಂದು ಶಾಪಗ್ರಸ್ತ ಗೋಪುರದಲ್ಲಿ ಕಾಣೆಯಾಗುತ್ತಾಳೆ. ಅವನು ಎಲ್ಲ ಬಿಟ್ಟು ಮೂಲೆ ಸೇರುತ್ತಾನೆ. ಅಷ್ಟರಲ್ಲಿ ಒಬ್ಬ ಮಾಟಗಾತಿ ಬಂದು ಎಂಟು ನೈಟ್‌ಗಳನ್ನು ಕಟ್ಟಿಕೊಂಡು ನಾಡನ್ನೇ ಹಿಡಿದುಕೊಳ್ಳುತ್ತಾಳೆ. ಇವನು ಮತ್ತೆ ಸಲಿಕೆ ಎತ್ತಿಕೊಳ್ಳುತ್ತಾನೆ. ಕತೆ ಇಷ್ಟೇ. ಜಿಗಿದು ಕೆಳಗಿನ ಬಟನ್ ಒತ್ತಿದರೆ ಸಲಿಕೆಯ ಮೊನೆ ಕಾಲ ಕೆಳಗೆ ಬರುತ್ತದೆ, ಶತ್ರುವಿನ ತಲೆಗೆ ಕುಟ್ಟಿ ಮತ್ತೆ ಮೇಲಕ್ಕೆ ಪುಟಿಯುತ್ತಾನೆ. ಒಂದರ ತಲೆಯಿಂದ ಇನ್ನೊಂದರ ತಲೆಗೆ, ನೆಲಕ್ಕೆ ಕಾಲಿಡದೆ. ಮೊದಲ ಹತ್ತು ನಿಮಿಷದಲ್ಲಿ ಪುಟ್ಟನಿಗೆ ಅದು ಕೈಗೆ ಹತ್ತಿಬಿಟ್ಟಿತು. ನನಗೆ ಎರಡು ದಿನ ಹಿಡಿದಿತ್ತು.

ಆಮೇಲೆ ಅವನು ಕೇಳಿದ.

"ಮಾವ, ಇದು ನಿಮ್ಮ ಕಾಲದ ಗೇಮಾ?"

"ಅಲ್ಲ ಕಣೋ, 2014ರದ್ದು. ಹಳೇ ಥರ ಕಾಣೋ ಹಾಗೆ ಬೇಕಂತಲೇ ಮಾಡಿದ್ದಾರೆ."

"ಯಾಕೆ? ಚೆನ್ನಾಗಿ ಮಾಡೋಕೆ ದುಡ್ಡು ಇರ್ಲಿಲ್ವಾ?"

ದುಡ್ಡು ಕಡಿಮೆಯೇ ಇತ್ತು, ಅದು ನಿಜ. ಯಾಟ್ ಕ್ಲಬ್ ಗೇಮ್ಸ್ ಎಂಬ ಚಿಕ್ಕ ತಂಡ 2013ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದಲ್ಲಿ ಜನರ ಹತ್ತಿರ 75 ಸಾವಿರ ಡಾಲರ್ ಕೇಳಿತ್ತು. ಬಂದದ್ದು 3 ಲಕ್ಷ 11 ಸಾವಿರಕ್ಕೂ ಜಾಸ್ತಿ. ಆಗ ಮಾತು ಕೊಟ್ಟಿದ್ದ ಹೆಚ್ಚುವರಿ ಕತೆಗಳನ್ನು 2015, 2017, 2019 ಅಂತ ಒಂದೊಂದಾಗಿ ಮಾಡಿ ಮುಗಿಸಿದರು. ಕೊಟ್ಟ ಮಾತು ಉಳಿಸಿಕೊಳ್ಳಲು ಅಷ್ಟು ವರ್ಷ ಕುಳಿತವರು ಅಂತ ನನಗೆ ಅವರ ಮೇಲೆ ಗೌರವ. ಆದರೆ ಪುಟ್ಟ ಕೇಳಿದ್ದು ಅದಲ್ಲ ಅಲ್ವಾ. ಹಳೆಯದು ಯಾಕೆ ಅಂತ.

ನಾನು ಅವನಿಗೆ ಮಡಿಕೇರಿ ಚಿಕ್ಕಪ್ಪನ ಮನೆಯ ಟಿವಿ ಗೇಮ್ ಬಗ್ಗೆ ಹೇಳಿದೆ. ಬೇಸಿಗೆ ರಜೆಯಲ್ಲಿ ನಾವು ಐದು ಜನ ಮಕ್ಕಳಿಗೆ ಒಂದೇ ರಿಮೋಟ್. ಕಾರ್ಟ್ರಿಜ್ ತೆಗೆದು ಊದಿ ಮತ್ತೆ ಹಾಕುವುದು. ಮೂರು ಲೈಫ್ ಹೋದರೆ ಆಟ ಮುಗಿಯಿತು, ಮೊದಲಿನಿಂದ. ಕೊನೆಯ ಲೆವೆಲ್‌ನಲ್ಲಿ ಸತ್ತರೂ ಮೊದಲಿನಿಂದ. ಚಿಕ್ಕಪ್ಪನ ಮಗ ಒಂದು ಸಲ ಹಾಗಾದಾಗ ಊಟ ಬಿಟ್ಟು ಮಲಗಿದ್ದ, ಯಾರು ಕರೆದರೂ ಏಳಲಿಲ್ಲ. ಇದನ್ನೆಲ್ಲ ಪುಟ್ಟ ಕಣ್ಣು ದೊಡ್ಡದು ಮಾಡಿ ಕೇಳಿದ.

ಆ ಹಳೆಯ ಯಂತ್ರಕ್ಕೆ ತೋರಿಸಲು ಇದ್ದದ್ದೇ ಐವತ್ತು ಚಿಲ್ಲರೆ ಬಣ್ಣ. ಪರದೆಯ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಗೊಂಬೆಯ ತುಣುಕುಗಳು ಬಂದರೆ ಅದಕ್ಕೆ ಆಗುತ್ತಿರಲಿಲ್ಲ. ಅದಕ್ಕೇ ಶತ್ರುಗಳು ಗುಂಪಾಗಿ ಬಂದಾಗ ಎಲ್ಲರೂ ಮಿಣುಕ್ ಮಿಣುಕ್ ಅಂತ ಮಿನುಗುತ್ತಿದ್ದರು. ನಾವು ಅದನ್ನು ಟಿವಿ ದೋಷ ಅಂದುಕೊಂಡಿದ್ದೆವು! ಶಾವೆಲ್ ನೈಟ್ ಮಾಡಿದವರು ಆ ಬಣ್ಣಗಳನ್ನು ಇಟ್ಟುಕೊಂಡರು, ಬೆರಳೆಣಿಕೆಯಷ್ಟು ಹೊಸ ಬಣ್ಣ ಸೇರಿಸಿದರು. ಮಿನುಗುವುದನ್ನು ಬಿಟ್ಟರು. ಪರದೆಯನ್ನು ಅಗಲ ಮಾಡಿದರು. ಸಂಗೀತವನ್ನು ಆ ಹಳೆಯ ಯಂತ್ರದ ಚಿಪ್ ಹೊರಡಿಸುವಂಥ ಧ್ವನಿಯಲ್ಲೇ ಮಾಡಿಸಿದರು. ಮಾಡಿದವರು ಜೇಕ್ ಕೌಫ್‌ಮನ್. ಮೊದಲ ಮೆಗಾ ಮ್ಯಾನ್ ಆಟಕ್ಕೆ ಸಂಗೀತ ಕೊಟ್ಟ ಮನಾಮಿ ಮಾತ್ಸುಮಾಯೆ ಅವರಿಂದಲೂ ಎರಡು ಹಾಡು ಮಾಡಿಸಿದರು. ಎಲ್ಲಕ್ಕಿಂತ ದೊಡ್ಡದು, ಮೂರು ಲೈಫ್ ಅನ್ನೋದನ್ನೇ ಕಿತ್ತು ಹಾಕಿದರು. ಎಷ್ಟು ಸಲ ಸತ್ತರೂ ಚೆಕ್‌ಪಾಯಿಂಟಿನಿಂದ, ಅಂದರೆ ದಾರಿಯಲ್ಲಿ ಕೊನೆಗೆ ದಾಟಿದ ಗುರುತಿನಿಂದ, ಮತ್ತೆ ಶುರು.

ಸತ್ತಾಗ ಹೋಗುವುದು ದುಡ್ಡು. ನಿಮ್ಮ ಚಿನ್ನದಲ್ಲಿ ಒಂದು ಪಾಲು ರೆಕ್ಕೆ ಇರುವ ಚೀಲಗಳಾಗಿ, ಸತ್ತ ಜಾಗದಲ್ಲೇ ಗಾಳಿಯಲ್ಲಿ ನಿಲ್ಲುತ್ತದೆ. ಮತ್ತೆ ಅಲ್ಲಿಗೆ ಹೋದರೆ ನಿಮ್ಮದು. ಹೋಗುವ ಮೊದಲು ಇನ್ನೊಮ್ಮೆ ಸತ್ತರೆ ಆ ಹಳೆಯ ಚೀಲಗಳು ಹೋದಂತೆಯೇ. ನನಗೆ ಈ ಉಪಾಯ ತುಂಬಾ ಇಷ್ಟ. ಕಳೆದುಕೊಂಡದ್ದು ಕಣ್ಣ ಮುಂದೆಯೇ ಇರುತ್ತದೆ, ಕಿತ್ತುಕೊಂಡು ಓಡಿಹೋಗಿರುವುದಿಲ್ಲ. ಇನ್ನೂ ಒಂದಿದೆ. ಚೆಕ್‌ಪಾಯಿಂಟ್ ಅಂದರೆ ಒಂದು ಗಾಜಿನ ಬುರುಡೆ ದೀಪ. ಅದನ್ನು ಸಲಿಕೆಯಿಂದ ಒಡೆದು ಪುಡಿ ಮಾಡಬಹುದು. ಒಡೆದರೆ ಒಳಗಿನಿಂದ ದುಡ್ಡು ಸುರಿಯುತ್ತದೆ, ಆದರೆ ಅದು ಇನ್ನು ಚೆಕ್‌ಪಾಯಿಂಟ್ ಅಲ್ಲ. ಸತ್ತರೆ ಇನ್ನೂ ಹಿಂದಕ್ಕೆ. ಕಷ್ಟ ಎಷ್ಟು ಬೇಕು ಅಂತ ಆಡುವವನೇ ಆರಿಸಿಕೊಳ್ಳುತ್ತಾನೆ. ಮೆನುವಿನಲ್ಲಿ ಸುಲಭ, ಕಠಿಣ ಅಂತ ಬರೆದು ಕೇಳುವುದಕ್ಕಿಂತ ಇದು ಎಷ್ಟೋ ಚೆನ್ನಾಗಿದೆ.

ಪುಟ್ಟ ಮೊದಲ ದೀಪ ಸಿಕ್ಕ ಕೂಡಲೇ ಒಡೆದ. ಎರಡನೆಯದನ್ನೂ ಒಡೆದ.

"ಮಾವ, ನೀವು ಒಡೀತೀರಾ?"

"ಇಲ್ಲ."

"ಒಂದ್ಸಲಾನೂ ಒಡೆದಿಲ್ವಾ?"

ಒಂದು ಸಲವೂ ಇಲ್ಲ. ಅವನು ಕೇಳುವವರೆಗೆ ನನಗೆ ಅದು ಗೊತ್ತೇ ಇರಲಿಲ್ಲ. ಆಟದ ಈ ಗುಣವನ್ನು ಎಷ್ಟು ಜನರಿಗೆ ಹೊಗಳಿದ್ದೇನೆ, ಒಂದು ದೀಪವನ್ನೂ ಮುಟ್ಟಿಲ್ಲ.

ಮಧ್ಯಾಹ್ನ ಊಟಕ್ಕೆ ಎದ್ದೆವು. ಅಕ್ಕ ಮಡಿಕೇರಿ ರಸ್ತೆ ಹೇಗಿದೆಯೋ, ಭಾಗಮಂಡಲದಲ್ಲಿ ನೀರು ಎಷ್ಟು ಏರಿದೆಯೋ ಅಂತ ಬಂದು ಹೋದವರನ್ನೆಲ್ಲ ಕೇಳುತ್ತಿದ್ದಳು. ನಾಳೆ ಮಳೆ ರಜೆ ಕೊಟ್ಟರೆ ನಿಲ್ಲುತ್ತಾರಂತೆ.

ಸಂಜೆ ಕತ್ತಲಾದ ಮೇಲೆ ಆ ಎಂಟರಲ್ಲಿ ಒಬ್ಬನಾದ ಸ್ಪೆಕ್ಟರ್ ನೈಟ್‌ನ ಸ್ಮಶಾನಕ್ಕೆ ಬಂದೆವು. ಅಲ್ಲಿ ಕೆಲವು ಕಡೆ ಪೂರ್ತಿ ಕತ್ತಲು. ಮಿಂಚು ಹೊಡೆದಾಗ ಮಾತ್ರ ನೆಲ ಎಲ್ಲಿದೆ, ಗುಂಡಿ ಎಲ್ಲಿದೆ ಕಾಣುತ್ತದೆ. ಮಿಂಚಿನಲ್ಲಿ ಕಂಡದ್ದನ್ನು ನೆನಪಿಟ್ಟುಕೊಂಡು ಕತ್ತಲಲ್ಲಿ ಜಿಗಿಯಬೇಕು. ನಮ್ಮ ಮನೆಯಲ್ಲೂ ಕತ್ತಲು, ಪರದೆಯ ಬೆಳಕೊಂದೇ ಪುಟ್ಟನ ಮುಖದ ಮೇಲೆ. ಅವ್ವನೂ ಹಿಂದೆ ಬಂದು ನಿಂತಿದ್ದರು. ಈ ಜಾಗ ಮಾಡಿದವರಿಗೆ ಕೈಮುಗಿಯಬೇಕು. ಇರುವಷ್ಟು ಬಣ್ಣದಲ್ಲಿ, ಅದೂ ಕಪ್ಪು ಇಟ್ಟುಕೊಂಡು, ಇಷ್ಟು ಹೆದರಿಕೆ!

ಅಲ್ಲೇ ಅದು ಆದದ್ದು. ಪುಟ್ಟನಿಗೆ ಜೀವ ತುಂಬಾ ಉಳಿದಿತ್ತು, ಜೀವ ಎಷ್ಟಿದೆ ಅಂತ ತೋರಿಸುವ ಗುಳ್ಳೆಗಳೆಲ್ಲ ಹೆಚ್ಚುಕಮ್ಮಿ ತುಂಬಿದ್ದವು. ಗುಂಡಿಯ ಅಂಚಿನಲ್ಲಿ ನಿಂತಿದ್ದಾಗ ಒಂದು ಶತ್ರು ಬಂದು ಸ್ವಲ್ಪ ತಾಗಿತು. ತಾಗಿದ್ದಷ್ಟೇ. ನೈಟ್ ಹಿಂದಕ್ಕೆ ಹಾರಿ ನೇರ ಗುಂಡಿಗೆ. ಸತ್ತ. ಇಲ್ಲೂ ಎರಡು ದೀಪ ಒಡೆದಿದ್ದರಿಂದ ಎಲ್ಲಿಂದಲೋ ಮತ್ತೆ ಶುರು. ಮತ್ತೆ ಬಂದ, ಅದೇ ಜಾಗ, ಅದೇ ಥರ. ದುಡ್ಡಿನ ಚೀಲಗಳು ಗುಂಡಿಯ ಮೇಲೆ ರೆಕ್ಕೆ ಬಡಿಯುತ್ತಾ ನಿಂತಿದ್ದವು. ಹಿಡಿಯಲು ಹೋದರೆ ಕೆಳಗೆ ಬೀಳುವುದೇ.

"ಬಿಡು ಮಗ, ಹೋದ ದುಡ್ಡಿನ ಹಿಂದೆ ಹೋಗಿ ಇರೋದನ್ನೂ ಕಳ್ಕೊಳ್ತಿದ್ದೀಯ," ಅಂದರು ಅವ್ವ.

ಪುಟ್ಟ ಬಿಡಲಿಲ್ಲ. ನಾಲ್ಕನೇ ಸಲ ಬಿದ್ದಾಗ ಕಂಟ್ರೋಲರ್ ಕೆಳಗಿಟ್ಟ. ಕಣ್ಣಲ್ಲಿ ನೀರು.

"ದೀಪ ಒಡೆದದ್ದು ನನ್ನ ತಪ್ಪು, ಒಪ್ಕೊಳ್ತೀನಿ. ಇದು ನನ್ನ ತಪ್ಪಲ್ಲ ಮಾವ. ಅಷ್ಟು ಜೀವ ಇತ್ತು. ಸ್ವಲ್ಪ ತಾಗಿದ್ದಕ್ಕೆ ಅಷ್ಟು ದೂರ ಯಾಕೆ ಹಾರ್ತಾನೆ?"

"ಹಳೇ ಗೇಮ್‌ಗಳಲ್ಲಿ ಹಾಗೇ ಇತ್ತು."

"ಮಿನುಗೋದೂ ಹಳೇ ಗೇಮಲ್ಲಿ ಇತ್ತು ಅಂದ್ರಿ. ಮೂರು ಲೈಫೂ ಇತ್ತು ಅಂದ್ರಿ. ಅದನ್ನ ತೆಗೆದವರು ಇದನ್ನ ಯಾಕೆ ತೆಗೀಲಿಲ್ಲ?"

ನನಗೆ ಉತ್ತರ ಹೊಳೆಯಲಿಲ್ಲ. ಅವನ ತಲೆ ಸವರಿದೆ, ಅಷ್ಟೇ.

ಅವನು ಮಲಗಿ ಒಂದು ಗಂಟೆ ಆಯಿತು. ಪ್ರಶ್ನೆ ಇನ್ನೂ ತಲೆಯಲ್ಲಿದೆ. ಹಿಂದಕ್ಕೆ ಹಾರುವುದನ್ನು ತೆಗೆದರೆ ಏನಾಗುತ್ತದೆ ಅಂತ ಯೋಚಿಸಿ ನೋಡಿದೆ. ಗುಂಡಿ ಪಕ್ಕದ ಶತ್ರುವಿಗೂ ಬಯಲಲ್ಲಿ ನಿಂತ ಶತ್ರುವಿಗೂ ಆಗ ವ್ಯತ್ಯಾಸ ಇರುವುದಿಲ್ಲ. ಪೆಟ್ಟು ತಿಂದುಕೊಂಡೇ ಓಡಿ ದಾಟಿಬಿಡಬಹುದು. ಎಲ್ಲಿ ನಿಲ್ಲಬೇಕು, ಯಾವಾಗ ಜಿಗಿಯಬೇಕು ಅನ್ನುವ ಯೋಚನೆಯೇ ಬೇಡ. ಅಂದರೆ ಆ ಒಂದು ತಳ್ಳುವಿಕೆಯ ಮೇಲೆಯೇ ಇಡೀ ಲೆವೆಲ್ ಕಟ್ಟಿದ್ದಾರೆ. ಇದು ಆಟದ ಪರವಾಗಿ. ಆದರೆ ಪುಟ್ಟನ ಮಾತೂ ಸರಿ. ಅಷ್ಟು ಕಷ್ಟಪಟ್ಟು ದುಡ್ಡು ಕೂಡಿಸಿ ಹಳ್ಳಿಯಲ್ಲಿ ಊಟದ ಚೀಟಿ ಕೊಟ್ಟು ಜೀವದ ಗುಳ್ಳೆ ಜಾಸ್ತಿ ಮಾಡಿಸಿಕೊಳ್ಳುತ್ತೇವೆ, ಗುಂಡಿಯ ಅಂಚಿನಲ್ಲಿ ಅದು ಯಾವುದಕ್ಕೂ ಬರುವುದಿಲ್ಲ. ನಾಲ್ಕು ಗುಳ್ಳೆಯವನೂ ಎಂಟು ಗುಳ್ಳೆಯವನೂ ಅಲ್ಲಿ ಒಂದೇ. ದೀಪದ ವಿಷಯದಲ್ಲಿ ಅಷ್ಟು ನ್ಯಾಯವಾಗಿ ನಡೆದುಕೊಂಡ ಆಟ ಇಲ್ಲಿ ಹಾಗಿಲ್ಲ. ನಾನು ಇಷ್ಟು ದಿನ ಇದನ್ನು ನ್ಯಾಯ ಅಂದುಕೊಂಡಿದ್ದು ಸುಮ್ನೆ ಅಭ್ಯಾಸ ಇದ್ದದ್ದಕ್ಕೆ ಇರಬೇಕು. ಚಿಕ್ಕಪ್ಪನ ಮನೆಯಲ್ಲಿ ಹಾಗೇ ಸಾಯುತ್ತಿದ್ದೆವು, ಅದಕ್ಕೆ ಇಲ್ಲೂ ಸಾಯುವುದು ಸರಿ ಅನ್ನಿಸಿತು. ಆ ಅಭ್ಯಾಸ ಇಲ್ಲದ ಹುಡುಗ ಬಂದು ಕೇಳಬೇಕಾಯಿತು.

ನಾನೇ ಹದಿನೈದು ದಿನದಿಂದ ಪ್ರೊಪೆಲ್ಲರ್ ನೈಟ್‌ನ ಹಾರುವ ಹಡಗಿನಲ್ಲಿ ಸಿಕ್ಕಿಬಿದ್ದಿದ್ದೇನೆ. ಅಲ್ಲಿ ಕೆಳಗೆಲ್ಲ ಆಕಾಶ, ಬಿದ್ದರೆ ಹೋಯಿತು. ಮೇಲೆ ಗಾಳಿ ಬೇರೆ ತಳ್ಳುತ್ತದೆ. ಕೊನೆಯಲ್ಲಿ ಅವನನ್ನು ಎದುರಿಸುವಾಗ ಫಿರಂಗಿ ಗುಂಡು ಬಿದ್ದು ಕಾಲ ಕೆಳಗಿನ ಹಲಗೆಯೇ ಒಡೆದು ಹೋಗುತ್ತದೆ. ಪ್ರತಿ ಸಲ ಬೈದುಕೊಂಡು ಮುಚ್ಚುತ್ತೇನೆ, ಮತ್ತೆ ರಾತ್ರಿ ತೆರೆಯುತ್ತೇನೆ.

ತೆರೆಯುವುದು ಯಾಕೆ ಅಂದರೆ ಆ ಬೆಂಕಿ ಮುಂದಿನ ಕನಸುಗಳಿಗೆ. ಕೆಲವು ಲೆವೆಲ್ ಮುಗಿದ ಮೇಲೆ ನೈಟ್ ಕಾಡಿನಲ್ಲಿ ಬೆಂಕಿ ಹಾಕಿಕೊಂಡು ಒಬ್ಬನೇ ಮಲಗುತ್ತಾನೆ. ಕನಸಿನಲ್ಲಿ ಶೀಲ್ಡ್ ನೈಟ್ ಆಕಾಶದಿಂದ ನಿಧಾನವಾಗಿ ಬೀಳುತ್ತಿರುತ್ತಾಳೆ. ಸುತ್ತ ಶತ್ರುಗಳು. ಹೊಡೆದಾಡುತ್ತಾ ಅವಳು ನೆಲ ಮುಟ್ಟುವ ಮೊದಲು ಕೆಳಗೆ ಹೋಗಿ ಕೈ ಚಾಚಬೇಕು. ಆಗಲೇ ಎಚ್ಚರ. ಬೆಂಕಿ ಆರಿರುತ್ತದೆ. ಒಂದೂ ಮಾತಿಲ್ಲ. ಚೌಕ ಚೌಕದ ಬೊಂಬೆ, ಕಣ್ಣು ಮೂಗು ಸರಿಯಾಗಿ ಕಾಣುವುದಿಲ್ಲ, ಆದರೂ ಪ್ರತಿ ಸಲ ಗಂಟಲು ಕಟ್ಟುತ್ತದೆ. ಅಪ್ಪ ತೀರಿಕೊಂಡ ವರ್ಷ ನನಗೂ ಇಂಥದ್ದೇ ಕನಸು ಬೀಳುತ್ತಿತ್ತು. ತೋಟದ ಕೆಳಗಿನ ಏಣಿ ಮೇಲಿಂದ ಅಪ್ಪ ಜಾರುವುದು, ನಾನು ಓಡುವುದು. ಅದನ್ನು ಇಲ್ಲಿ ಬರೆಯಬಾರದು ಅಂದುಕೊಂಡಿದ್ದೆ.

ಮಳೆ ಈಗ ಸ್ವಲ್ಪ ಕಡಿಮೆ. ಕೆಳಗಿನ ಸಾಲಿನ ಅರೇಬಿಕಾ ನೆನೆದು ಕೊಳೆಯುತ್ತಿದೆಯೇನೋ, ನಾಳೆ ನೋಡಬೇಕು. ಕಾಯಿ ಎಷ್ಟು ಉದುರಿದೆಯೋ. ಅವ್ವನಿಗೆ ಆ ಸುದ್ದಿ ಹೇಗೆ ಹೇಳುವುದು ಅಂತ ನಾಳೆಯೇ ಯೋಚಿಸುತ್ತೇನೆ.

ಪುಟ್ಟ ಮಲಗುವ ಮುಂಚೆ ಮತ್ತೆ ಒಂದು ಕೇಳಿದ್ದ. ಅರ್ಧ ಮೀನು ಅರ್ಧ ಸೇಬಿನ ಆ ರಾಜನ ಕೊಳಕ್ಕೆ ಇನ್ನೊಂದು ಸಲ ಹೋಗಬಹುದಾ, ಅವನ ಕುಣಿತ ನೋಡಬೇಕು ಅಂತ. ಹೋಗೋಣ ಅಂದೆ. ಬ್ಯಾಟರಿ 22 ತೋರಿಸುತ್ತಿದೆ. ಅದಕ್ಕೆ ಉಳಿಸಬೇಕು. ಆದರೆ ಈಗಲೇ ಹಡಗಿಗೆ ಹೋಗಿ ಒಂದೇ ಒಂದು ದೀಪ ಒಡೆದು ನೋಡೋಣ ಅನ್ನಿಸುತ್ತಿದೆ, ಎರಡನೆಯದು, ಗಾಳಿ ಜೋರಾಗುವ ಮೊದಲು ಇದೆಯಲ್ಲ ಅದು, ಅಲ್ಲಿಂದ ಮುಂದೆ ನನಗೆ ದಾರಿ ಬಾಯಿಪಾಠ, ಬಿದ್ದರೂ